ಹದವರಿತ ಯಂತ್ರ

ಮಗುವಿಗೆ ಉಣಿಸುವ ತಾಯಿಯು ಅದರ ಬಾಯಿಯನ್ನು ನೋಡಿ ತುತ್ತಿನ ಗಾತ್ರವನ್ನು ನಿಶ್ಚಯಿಸುತ್ತಾಳೆ. ಯಂತ್ರಕ್ಕೂ ಹೀಗೆ ಉಣಿಸಬೇಕಾಗುತ್ತದೆ. ಗಿರಣಿಗೆ ಧಾನ್ಯ, ಮಗ್ಗಕ್ಕೆ ನೂಲು, ಮುದ್ರಣಯಂತ್ರಕ್ಕೆ ಕಾಗದ. ಪ್ರತಿಯೊಂದು ಯಂತ್ರವೂ ತನ್ನ ಆಹಾರವನ್ನು ಹದವಾಗಿ ಬೇಡುತ್ತದೆ. ಅತಿಯಾದರೆ ಕಟ್ಟಿಕೊಂಡು ನಿಲ್ಲುತ್ತದೆ. ಕಡಿಮೆಯಾದರೆ ತನ್ನನ್ನು ತಾನೇ ತಿಂದುಕೊಳ್ಳುತ್ತದೆ. ಈ ಹದವನ್ನು ಕಾಯುವ ಹೊಣೆಯನ್ನು ಯಂತ್ರಕ್ಕೇ ಒಪ್ಪಿಸಬಹುದೇ? ಒಪ್ಪಿಸಿದರೆ ಮನುಷ್ಯನ ಪಾಲಿಗೆ ಉಳಿಯುವುದೇನು? ವಿಚಾರಮಾಡತಕ್ಕ ಪ್ರಶ್ನೆಗಳಿವು.

ಬೀಸುಕಲ್ಲಿನ ಮುಂದೆ ಕುಳಿತ ಹಿಂದಿನ ಕಾಲದ ಹೆಂಗಸರು ಹದವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಒಂದು ಕೈ ಗೂಟವನ್ನು ಹಿಡಿದು ಕಲ್ಲನ್ನು ತಿರುಗಿಸುತ್ತಿದ್ದರೆ, ಮತ್ತೊಂದು ಕೈ ರಾಗಿಯನ್ನು ಹಿಡಿಹಿಡಿಯಾಗಿ ಕಲ್ಲಿನ ಬಾಯಿಗೆ ಹಾಕುತ್ತಿತ್ತು. ಕಲ್ಲಿನ ಸದ್ದು ಕರ್ಕಶವಾದೊಡನೆ ಕಾಳು ತೀರಿತೆಂದು ಕಿವಿಗೆ ತಿಳಿಯುತ್ತಿತ್ತು. ಕಲ್ಲು ಭಾರವಾದೊಡನೆ ಕಾಳು ಹೆಚ್ಚಾಯಿತೆಂದು ತೋಳಿಗೆ ತಿಳಿಯುತ್ತಿತ್ತು. ಅಳೆಯುವ ಕಿವಿ, ನಿರ್ಧರಿಸುವ ಮನಸ್ಸು, ಉಣಿಸುವ ಕೈ, ಈ ಮೂರೂ ಒಂದೇ ದೇಹದಲ್ಲಿದ್ದುವು. ಬೀಸುವ ಪದಗಳ ಲಯವು ಅವುಗಳನ್ನು ಬೆಸೆಯುತ್ತಿತ್ತು.

1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಕಾಲಕ್ರಮದಲ್ಲಿ ಬೀಸುವ ಕೆಲಸವು ಮನೆಯಿಂದ ವಿದ್ಯುತ್ ಗಿರಣಿಗೆ ಸಾಗಿತು. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳಂತಹ ಹಳೆಯ ಬಡಾವಣೆಗಳಲ್ಲಿ ಇಂದಿಗೂ ಹಿಟ್ಟಿನ ಗಿರಣಿಗಳುಂಟು. ಅಲ್ಲಿ ದುಡಿಯುವವನ ಕೌಶಲವನ್ನು ನಿಂತು ನೋಡಿದವರು ವಿರಳ. ಒಬ್ಬರು ರಾಗಿಯನ್ನು ತಂದರೆ ಇನ್ನೊಬ್ಬರು ಗೋಧಿಯನ್ನು ತರುತ್ತಾರೆ. ಹಬ್ಬ ಬಂದರೆ ಚಕ್ಕುಲಿಯ ಹಿಟ್ಟಿಗೆ ಅಕ್ಕಿ ಬರುತ್ತದೆ. ಒಂದೊಂದಕ್ಕೂ ಧಾನ್ಯದ ಬುಟ್ಟಿಯ ಕೆಳಗಿನ ಬಾಗಿಲನ್ನು ಬೇರೆ ಬೇರೆಯಾಗಿ ತೆರೆಯಬೇಕು. ತಿರುಪನ್ನು ತಿರುಗಿಸಿ ಕಲ್ಲುಗಳ ನಡುವಿನ ಸಂದನ್ನು ಹೊಂದಿಸಬೇಕು. ಅವನು ಬೀಳುತ್ತಿರುವ ಹಿಟ್ಟನ್ನು ಬೆರಳುಗಳ ನಡುವೆ ಉಜ್ಜಿ ನೋಡುತ್ತಾನೆ. ಮೋಟಾರಿನ ಸ್ವರಕ್ಕೆ ಕಿವಿಗೊಡುತ್ತಾನೆ. ಒಂದು ಕ್ಷಣ ಅವನ ಗಮನ ತಪ್ಪಿತೆಂದು ಇಟ್ಟುಕೊಳ್ಳೋಣ. ಬುಟ್ಟಿ ಬರಿದಾದರೆ ಕಲ್ಲಿಗೆ ಕಲ್ಲು ಉಜ್ಜಿ ಕಾಯುತ್ತದೆ, ಸವೆಯುತ್ತದೆ. ಹಿಟ್ಟಿಗೆ ಕಲ್ಲಿನ ಪುಡಿ ಬೆರೆಯುತ್ತದೆ. ಧಾನ್ಯ ಮಿತಿಮೀರಿ ಸುರಿದರೆ ಪಟ್ಟಿ ಜಾರುತ್ತದೆ, ಗಿರಣಿ ನಿಲ್ಲುತ್ತದೆ. ಸವೆದ ಕಲ್ಲನ್ನು ಬಿಚ್ಚಿ ಉಳಿಯಿಂದ ಮತ್ತೆ ಕಚ್ಚು ಹಾಕುವವರೆಗೂ ಸಂಪಾದನೆಗೆ ತಡೆಯುಂಟಾಗುತ್ತದೆ.

ಈ ತೊಡಕಿಗೆ ಪರಿಹಾರವನ್ನು ಹುಡುಕಿದವರಲ್ಲಿ ಹಿಟ್ಟು ಬೀಸುವವರೇ ಮೊದಲಿಗರ ಸಾಲಿನಲ್ಲಿದ್ದರೆಂಬುದು ಸ್ವಾರಸ್ಯಕರವಾದ ಸಂಗತಿ. ಯೂರೋಪಿನ ಹಳೆಯ ಗಿರಣಿಗಳಲ್ಲಿ, ತಿರುಗುವ ಕಲ್ಲಿನೊಡನೆ ತಿರುಗುವ ಒಂದು ದಂಡವು ಧಾನ್ಯದ ದೋಣಿಯನ್ನು ತಟ್ಟುತ್ತಿತ್ತು. ಕಲ್ಲು ಬೇಗ ತಿರುಗಿದರೆ ತಟ್ಟುವಿಕೆಯೂ ಹೆಚ್ಚು, ಬೀಳುವ ಧಾನ್ಯವೂ ಹೆಚ್ಚು. ನಿಧಾನವಾದರೆ ಎರಡೂ ಕಡಿಮೆ. ಕಾಳು ತೀರುತ್ತ ಬಂದಾಗ ತಾನಾಗಿ ಬಾರಿಸುವ ಗಂಟೆಯೂ ಅಲ್ಲಿರುತ್ತಿತ್ತು. ಗಾಳಿಯ ವೇಗಕ್ಕೆ ತಕ್ಕಂತೆ ಕಲ್ಲುಗಳ ಸಂದನ್ನು ಹೊಂದಿಸಲು, ತಿರುಗುವ ಗುಂಡುಗಳುಳ್ಳ ನಿಯಂತ್ರಕವೊಂದು ಗಾಳಿಗಿರಣಿಗಳಲ್ಲಿ ಬಳಕೆಗೆ ಬಂದಿತು. 1788ರಲ್ಲಿ ಲಂಡನ್ನಿನ ಆಲ್ಬಿಯನ್ ಹಿಟ್ಟಿನ ಗಿರಣಿಯಲ್ಲಿ ಅಂತಹ ಸಾಧನವನ್ನು ಕಂಡ ಮ್ಯಾಥ್ಯೂ ಬೌಲ್ಟನ್ನನು ತನ್ನ ಪಾಲುಗಾರ ಜೇಮ್ಸ್ ವ್ಯಾಟನಿಗೆ ಅದನ್ನು ತಿಳಿಸಿದನು. ವ್ಯಾಟನು ಅದನ್ನು ಉಗಿಯಂತ್ರಕ್ಕೆ ಅಳವಡಿಸಿದನು. ಸ್ವಯಂಚಾಲಿತ ನಿಯಂತ್ರಣದ ವಂಶವೃಕ್ಷದ ಬೇರು ಹೀಗೆ ಹಿಟ್ಟಿನ ಗಿರಣಿಯಲ್ಲಿಯೂ ಇದೆ.

ಇಂದಿನ ದೊಡ್ಡ ಉರುಳೆಗಿರಣಿಗಳು ಈ ದಾರಿಯಲ್ಲಿ ಬಹುದೂರ ಸಾಗಿವೆ. ಅವುಗಳಲ್ಲಿ ಗೋಧಿಯನ್ನು ಒಡೆಯುವ ಜೋಡಿ ಉಕ್ಕಿನ ಉರುಳೆಗಳ ಪೈಕಿ ಒಂದು ಮತ್ತೊಂದಕ್ಕಿಂತ ಸುಮಾರು 2.5 ಪಟ್ಟು ವೇಗವಾಗಿ ತಿರುಗುತ್ತದೆ. ನಡುವೆ ಧಾನ್ಯವಿಲ್ಲದೆ ಅವು ಒಂದನ್ನೊಂದು ತಾಗಿದರೆ ಮೇಲಿನ ಕಚ್ಚುಗಳು ಬೇಗ ಹಾಳಾಗುತ್ತವೆ. ಆದುದರಿಂದ ಮೇಲಿನ ಪಾತ್ರೆಯಲ್ಲಿ ಧಾನ್ಯದ ಮಟ್ಟವನ್ನು ಒಂದು ಸಂವೇದಕವು ಸದಾ ಅಳೆಯುತ್ತಿರುತ್ತದೆ. ಮಟ್ಟ ಏರಿದರೆ ಉಣಿಸುವ ಉರುಳೆಯ ವೇಗವು ಹೆಚ್ಚುತ್ತದೆ, ಇಳಿದರೆ ತಗ್ಗುತ್ತದೆ. ಧಾನ್ಯ ನಿಂತೇಹೋದರೆ ಬೀಸುವ ಉರುಳೆಗಳು ತಾವಾಗಿ ಒಂದರಿಂದೊಂದು ದೂರ ಸರಿಯುತ್ತವೆ. ಉರುಳೆಗಳ ಆಯುಷ್ಯ ಬೆಳೆಯುತ್ತದೆ. ಅಕಾಲದ ನಿಲುಗಡೆಗಳು ತಗ್ಗುತ್ತವೆ.

ಇದರಿಂದ ದುಡಿಯುವವನ ಕೈಗೆ ಕೆಲಸವಿಲ್ಲದಂತಾಗುವುದೆಂದು ಕೆಲವರು ಆಕ್ಷೇಪಿಸುತ್ತಾರೆ. ಈ ಆಕ್ಷೇಪಣೆಯನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಒಬ್ಬ ಗಿರಣಿಯವನ ಸಂಬಳದಲ್ಲಿ ಒಂದು ಸಂಸಾರದ ಅನ್ನವಿದೆ. ಆದರೆ ಆ ಕೆಲಸದ ಸ್ವರೂಪವನ್ನೂ ನೋಡಬೇಕು. ಹಿಟ್ಟಿನ ಧೂಳನ್ನು ಉಸಿರಾಡುತ್ತ, ಓಡುವ ಪಟ್ಟಿಯ ಪಕ್ಕದಲ್ಲಿ ಕೈಯಾಡಿಸುತ್ತ, ದಿನವಿಡೀ ಬುಟ್ಟಿಯನ್ನೇ ನೋಡುತ್ತ ನಿಲ್ಲುವುದು ಮನುಷ್ಯನ ಶಕ್ತಿಗೆ ತಕ್ಕ ಗೌರವವೆನಿಸದು. ಎಡೆಬಿಡದ ಎಚ್ಚರವು ಯಂತ್ರಕ್ಕೆ ಸುಲಭ, ಮನುಷ್ಯನಿಗೆ ಬಹು ಪ್ರಯಾಸ.

ಅಂದಮಾತ್ರಕ್ಕೆ ಯಂತ್ರವು ಸರ್ವಜ್ಞನಾಗಲಿಲ್ಲ. ಸಂವೇದಕದ ಮೇಲೆ ಹಿಟ್ಟು ಮೆತ್ತಿಕೊಂಡರೆ ಅದು ಬರಿದಾದ ಪಾತ್ರೆಯನ್ನೂ ತುಂಬಿದೆಯೆಂದು ಹೇಳಬಹುದು. ಯಂತ್ರವು ಆ ಸುಳ್ಳನ್ನೇ ನಂಬಿ ನಡೆಯುತ್ತದೆ. ಈ ಸಲದ ಗೋಧಿ ಒದ್ದೆಯೋ ಒಣಗಿದೆಯೋ, ಸದ್ದಿನಲ್ಲಿ ಬಂದ ಅಪಸ್ವರಕ್ಕೆ ಕಾರಣವೇನು ಎಂಬುದನ್ನು ಅರಿಯಲು ಅನುಭವಿಯಾದ ಮನುಷ್ಯನೇ ಬೇಕು. ಯಂತ್ರಕ್ಕೆ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂಬ ಎಲ್ಲೆಯನ್ನು ಹಾಕಿಕೊಡುವವನೂ ಅವನೇ. ಆದುದರಿಂದ ಹೊಸ ಸಾಧನವನ್ನು ತರುವ ಯಜಮಾನನು ಹಳೆಯ ಕೆಲಸಗಾರನನ್ನು ಹೊರಗೆ ಕಳುಹಿಸಬಾರದು. ಆ ಸಾಧನವನ್ನು ಪರೀಕ್ಷಿಸುವ, ದುರಸ್ತಿಮಾಡುವ ವಿದ್ಯೆಯನ್ನು ಅವನಿಗೆ ಕಲಿಸಬೇಕು. ಇದು ದಯೆಯ ಮಾತಷ್ಟೇ ಅಲ್ಲ, ವಿವೇಕದ ಮಾತೂ ಹೌದು. ಅವನ ಕಿವಿಯ ಅರಿವು ಕಳೆದುಹೋದ ಗಿರಣಿಯಲ್ಲಿ, ಯಂತ್ರವು ತಪ್ಪಿದಾಗ ತಿದ್ದುವವರೇ ಇರುವುದಿಲ್ಲ.

ಯಂತ್ರೀಕರಣಕ್ಕೂ ಒಂದು ಹದವುಂಟು. ದೊಡ್ಡ ಗಿರಣಿಗೆ ಸಲ್ಲುವ ಬೆಲೆಬಾಳುವ ಸಲಕರಣೆಯು ಮೂಲೆಯ ಸಣ್ಣ ಗಿರಣಿಗೆ ಬೇಕಿಲ್ಲ. ಕಾಳು ತೀರಿದೊಡನೆ ಗಂಟೆ ಬಾರಿಸುವ ಅಥವಾ ಮೋಟಾರನ್ನು ನಿಲ್ಲಿಸುವ ಒಂದು ಸರಳ ಏರ್ಪಾಡಾದರೂ ಅಲ್ಲಿದ್ದರೆ ಕಲ್ಲೂ ಉಳಿದೀತು, ಅದನ್ನು ಕಾಯುವವನಿಗೆ ಒಂದಿಷ್ಟು ಬಿಡುವೂ ದೊರೆತೀತು. ಆ ಬಿಡುವಿನಲ್ಲಿ ಅವನು ತನ್ನ ಯಂತ್ರದ ಒಳಗುಟ್ಟನ್ನು ಅರಿಯುವಂತಾದರೆ, ಉಳಿದದ್ದು ಕಲ್ಲು ಮಾತ್ರವಲ್ಲ, ಒಂದು ವಿದ್ಯೆ ಎನ್ನಬಹುದು.