ಗೇಣು ಮೊಳ ಮರೆತವರ ಕೈತೋಟ



ಕಳೆದ ಶ್ರಾವಣದಲ್ಲಿ ಹಾನಗಲ್ ತಾಲೂಕಿನ ಶಾಲೆಯೊಂದರ ಕೈತೋಟವನ್ನು ನೋಡಲು ಹೋಗಿದ್ದೆ. ನಾಲ್ಕು ಅಡಿ ಅಗಲ, ಎಂಟು ಅಡಿ ಉದ್ದದ ಏರುಮಡಿ. ಅದರ ಮೇಲೆ ದಾರ ಬಿಗಿದು ಮೂವತ್ತೆರಡು ಚೌಕ. ಚೌಕಕ್ಕೊಂದರಂತೆ ಮೂವತ್ತೆರಡು ಬದನೆಗಿಡ. ಗ್ರಾಫ್ ಕಾಗದದಷ್ಟು ಅಚ್ಚುಕಟ್ಟು! ಆದರೆ ಎಲೆಗೆ ಎಲೆ ಹೆಣೆದು, ಗಾಳಿಯಾಡದೆ, ಅರ್ಧಕ್ಕರ್ಧ ಗಿಡಗಳು ಕೊಳೆತಿದ್ದವು. "ನಮ್ಮ ಮಣ್ಣs ಸರಿ ಇಲ್ಲರೀ ಸರ್" ಎಂದಳು ಏಳನೆಯ ತರಗತಿಯ ಹುಡುಗಿ. ಬದನೆ ಹೋದದ್ದಕ್ಕಿಂತ ಆ ಮಾತೇ ನನ್ನನ್ನು ಹೆಚ್ಚು ನೋಯಿಸಿತು.

ತಪ್ಪು ಮಣ್ಣಿನದಲ್ಲ, ಲೆಕ್ಕದ್ದು. ಬದನೆಗೆ ಸಾಲಿನಿಂದ ಸಾಲಿಗೆ 75, ಗಿಡದಿಂದ ಗಿಡಕ್ಕೆ 60 ಸೆಂಟಿಮೀಟರ್ ಬೇಕು. ಅಂದರೆ ಗಿಡವೊಂದಕ್ಕೆ ಸುಮಾರು ಐದು ಚದರ ಅಡಿ. ಆ ಮಡಿಗೆ ಆರು, ಹೆಚ್ಚೆಂದರೆ ಎಂಟು ಗಿಡ ಸಾಕಿತ್ತು.

ಈ ಚೌಕದ ಪದ್ಧತಿಯನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಮೆಲ್ ಬಾರ್ತಲೋಮ್ಯೂ. ಅವರ ಪುಸ್ತಕ ಬಂದದ್ದು 1981ರಲ್ಲಿ. ಅವರನ್ನು ನಾನು ದೂರುವುದಿಲ್ಲ. ಚೌಕಕ್ಕೆ ಹದಿನಾರು ಮೂಲಂಗಿ ಎಂಬ ಅವರ ಲೆಕ್ಕ ಇಲ್ಲಿಯೂ ನಡೆದೀತು. ಮೆಂತ್ಯ, ಕೊತ್ತಂಬರಿಗೂ ಅಡ್ಡಿಯಿಲ್ಲ. ಆದರೆ ಟೊಮ್ಯಾಟೊವನ್ನು ಒಂದೇ ಕಾಂಡಕ್ಕೆ ಸವರಿ ಬಲೆಗೆ ಹಬ್ಬಿಸಿರೆಂದೂ ಅವರು ಹೇಳಿದ್ದರು. ನಮ್ಮವರು ದಾರವನ್ನು ತಂದರು, ಷರತ್ತನ್ನು ಅಲ್ಲಿಯೇ ಬಿಟ್ಟು ಬಂದರು!

ಇನ್ನು ಏರುಮಡಿಯ ಮಾತು. ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ಲಿನಲ್ಲಿ ಮಳೆನೀರು ಬಸಿದುಹೋಗಲು ಅದು ಬೇಕು. ಶಿಗ್ಗಾಂವಿಯಲ್ಲಿ, ಹಿರೇಕೆರೂರಿನಲ್ಲಿ ಹೊಲದಿಂದ ಹೊಲಕ್ಕೆ ಮಣ್ಣು ಬೇರೆ; ಕೈಯಲ್ಲಿ ಹಿಡಿದು ನೋಡಿಯೇ ನಿರ್ಧರಿಸಬೇಕು. ಸವಣೂರಿನ ಎರೆಭೂಮಿಯಲ್ಲಿ ಮುಂಗಾರಿಗೆ ಏರುಮಡಿ ಸರಿ. ಬೇಸಿಗೆಯಲ್ಲಿ ಅದೇ ಮಡಿ ಬೇಗ ಒಣಗುತ್ತದೆ, ಆಗ ತಗ್ಗುಮಡಿಯೇ ಲೇಸು. ನಾಲ್ಕು ತಾಲೂಕಿಗೆ ಒಂದೇ ನಕ್ಷೆಯೆಂದರೆ ಹೇಗೆ?

"ಚಪ್ಪರದ ಬಳ್ಳಿ ಉತ್ತರಕ್ಕಿರಲಿ" ಎಂಬ ಸೂತ್ರವನ್ನೂ ಪರೀಕ್ಷಿಸಿ ನೋಡಿ. ಹಿಂಗಾರಿಗೆ ಅದು ನಿಜ. ಡಿಸೆಂಬರಿನ ಸೂರ್ಯ ದಕ್ಷಿಣಕ್ಕೆ ಬಹಳ ವಾಲಿರುತ್ತಾನೆ. ಆದರೆ ನಮ್ಮಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಎರಡನೆಯ ವಾರದವರೆಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ. ಅಂಗಳದಲ್ಲಿ ಕೋಲು ನೆಟ್ಟು ನೆರಳು ಅಳೆದ ನನ್ನ ಶಿಷ್ಯರು ಇದನ್ನು ಮರೆತಿರಲಾರರು.

ಅಂತರವೆಂಬುದು ನಮಗೆ ಹೊಸ ವಿದ್ಯೆಯೇ? ಕೂರಿಗೆಯ ತಾಳುಗಳ ನಡುವಿನ ಅಳತೆ, ಎಡೆಕುಂಟೆ ಹಾಯಲು ಬಿಟ್ಟ ಸಾಲು, ಅಕ್ಕಡಿ ಸಾಲಿನ ಕಾಳು, ಇವೆಲ್ಲ ಅದೇ ಗಣಿತ. ನಮ್ಮ ಅವ್ವ ಹಿತ್ತಲಿನಲ್ಲಿ ಮೆಣಸಿನ ಸಸಿಯನ್ನು ಮೊಳ ಹಾಕಿಯೇ ನಾಟುತ್ತಿದ್ದಳು. ಮೊಳವೆಂದರೆ ಹೆಚ್ಚುಕಡಿಮೆ 45 ಸೆಂಟಿಮೀಟರ್, ಇಂದಿನ ಶಿಫಾರಸಿಗೆ ಸರಿಸಮ.

ಶಾಲೆಗಳಲ್ಲಿ ಪೌಷ್ಟಿಕ ಕೈತೋಟ ಬೆಳೆಸಲು ಕೇಂದ್ರ ಸರ್ಕಾರ 2019ರಲ್ಲಿ ಮಾರ್ಗಸೂಚಿ ಹೊರಡಿಸಿತು. ಒಳ್ಳೆಯ ಕೆಲಸ. ಆದರೆ ಫೋಟೋಕ್ಕಾಗಿ ಮಾಡಿದ ತೋಟ ಬಿಸಿಯೂಟದ ಸಾರಿಗೆ ಒಂದು ಕಾಯಿಯನ್ನೂ ಕೊಡದು; ಮೇಲಾಗಿ, ಒಕ್ಕಲುತನದ ಮನೆಯ ಮಗುವಿಗೆ ತನ್ನ ಮಣ್ಣಿನ ಮೇಲೆಯೇ ಅಪನಂಬಿಕೆ ಹುಟ್ಟಿಸುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಯಾವುದು?

ನಿಮ್ಮಲ್ಲಿ ಈಗ ಎಷ್ಟೋ ಜನ ಶಿಕ್ಷಕರಾಗಿದ್ದೀರಿ. ದಯವಿಟ್ಟು ಆ ದಾರವನ್ನು ಬಿಚ್ಚಿ. ಮಕ್ಕಳ ಕೈಗೆ ಅಳತೆಪಟ್ಟಿ ಕೊಡಿ, ಊರಿನ ಹಿರಿಯ ಒಕ್ಕಲಿಗರೊಬ್ಬರನ್ನು ಕರೆಸಿ. ಮುಂದಿನ ಶ್ರಾವಣಕ್ಕೆ ನಾನು ಮತ್ತೆ ಬರುತ್ತೇನೆ; ಆ ಹುಡುಗಿಯ ಕೈಯಿಂದಲೇ ಒಂದು ಬದನೆಕಾಯಿ ಪಡೆಯುವ ಆಸೆಯಿದೆ.