ಅಭಿಮಾನಿಗೂ ಲೆಕ್ಕ ಬರುತ್ತದೆ

ಫುಟ್ಬಾಲ್ ಕ್ಲಬ್ಬೊಂದು ಹಳೆಯ ಮೈದಾನ ಬಿಟ್ಟು ಹೊಸ ಸ್ಟೇಡಿಯಮ್ಮಿಗೆ ಹೋಗುತ್ತೇನೆಂದು ಘೋಷಿಸಿದಾಗಲೆಲ್ಲ ಒಂದೇ ನಾಟಕ ನಡೆಯುತ್ತದೆ. ಒಂದು ಕಡೆ ಮಾಲೀಕರು: ಕೈಯಲ್ಲಿ ಅಂಕಿ-ಅಂಶ, ಹಿಂದೆ ಪರದೆಯ ಮೇಲೆ ಕಂಪ್ಯೂಟರಿನಲ್ಲಿ ಬಿಡಿಸಿದ ಹೊಳೆಯುವ ಚಿತ್ರ. ಇನ್ನೊಂದು ಕಡೆ ಅಭಿಮಾನಿಗಳು: ಕೊರಳಲ್ಲಿ ಸ್ಕಾರ್ಫು, ಕಣ್ಣಲ್ಲಿ ನೀರು. ಮಾಲೀಕರದು ಬುದ್ಧಿ, ಅಭಿಮಾನಿಗಳದು ಭಾವನೆ ಎಂದು ಪಾತ್ರ ಹಂಚಿಕೆ ಮೊದಲೇ ಆಗಿಹೋಗಿರುತ್ತದೆ. ಅಲ್ಲಿಂದ ಮುಂದೆ ವಾದ ಮಾಡುವ ಅಗತ್ಯವೇ ಇಲ್ಲ. ಅಳುವವರನ್ನು ಸಮಾಧಾನ ಮಾಡಿದರೆ ಸಾಕು.

ಈ ಪಾತ್ರ ಹಂಚಿಕೆಯೇ ಸುಳ್ಳು ಎಂದು ನಾನು ಹೇಳುತ್ತೇನೆ.

ನಾನು ಫುಟ್ಬಾಲ್ ಪಂಡಿತನಲ್ಲ. ಪುಣೆಯಲ್ಲಿ ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ನಡೆಸುವುದು ನನ್ನ ಕಸುಬು. ಆದರೆ ಹಳೆಯ ಸಿಸ್ಟಮ್ಮಿನಿಂದ ಹೊಸದಕ್ಕೆ ಮೈಗ್ರೇಷನ್ ಮಾಡುವುದನ್ನು ಇಪ್ಪತ್ತು ವರ್ಷದಿಂದ ಹತ್ತಿರದಿಂದ ನೋಡಿದ್ದೇನೆ. ಅಲ್ಲಿಯೂ ಇದೇ ನಾಟಕ. ಕೌಂಟರಿನಲ್ಲಿ ಕೂತ ಗುಮಾಸ್ತೆ, 'ಸಾರ್, ಈ ಹೊಸ ಪರದೆಯಲ್ಲಿ ಒಂದು ಕೆಲಸಕ್ಕೆ ನಾಲ್ಕು ಸಲ ಒತ್ತಬೇಕು, ಸಾಲು ಬೆಳೆಯುತ್ತದೆ' ಅನ್ನುತ್ತಾರೆ. ಮೀಟಿಂಗಿನಲ್ಲಿ ಯಾರೋ ಅದನ್ನು 'ಬದಲಾವಣೆಗೆ ವಿರೋಧ' ಎಂಬ ಶೀರ್ಷಿಕೆಯಡಿ ಸ್ಲೈಡಿಗೆ ಸೇರಿಸಿ ಮುಂದೆ ಹೋಗುತ್ತಾರೆ. ಗೋ-ಲೈವ್ ಆದ ಮೂರನೆಯ ದಿನ ಸಾಲು ರಸ್ತೆಗೆ ಬಂದಿರುತ್ತದೆ. ಆಕೆ ಹೇಳಿದ್ದು ಭಾವನೆಯನ್ನಲ್ಲ, ರಿಕ್ವೈರ್‌ಮೆಂಟನ್ನು.

ಲಂಡನ್ನಿನ ವೆಸ್ಟ್ ಹ್ಯಾಮ್ ಯುನೈಟೆಡ್ ಕ್ಲಬ್ಬಿನ ಕತೆ ಇದಕ್ಕೆ ಒಳ್ಳೆಯ ಉದಾಹರಣೆ. ಆ ಊರಿಗೆ ಆನ್‌ಸೈಟ್ ಹೋಗಿಬಂದವರಿಗೆ ಈಸ್ಟ್ ಹ್ಯಾಮ್ ಗೊತ್ತಿರುತ್ತದೆ. ಬಾಡಿಗೆ ಕೈಗೆಟುಕುತ್ತದೆ, ಮುರುಗನ್ ದೇವಸ್ಥಾನವಿದೆ, ದೋಸೆ ಸಿಗುತ್ತದೆ. ಡಿಸ್ಟ್ರಿಕ್ಟ್ ಲೈನಿನಲ್ಲಿ ಅದರ ಪಕ್ಕದ ನಿಲ್ದಾಣವೇ ಅಪ್ಟನ್ ಪಾರ್ಕ್. ಇಳಿದು ಗ್ರೀನ್ ಸ್ಟ್ರೀಟಿನಲ್ಲಿ ಸೀರೆ ಅಂಗಡಿ, ಮಿಠಾಯಿ ಅಂಗಡಿ, ತರಕಾರಿ ಸಿಗುವ ಕ್ವೀನ್ಸ್ ಮಾರ್ಕೆಟ್ ದಾಟಿ ನಡೆದರೆ ಬೊಲೀನ್ ಗ್ರೌಂಡ್. 1904ರಿಂದ 2016ರವರೆಗೆ, 112 ವರ್ಷ, ವೆಸ್ಟ್ ಹ್ಯಾಮ್‌ನ ಮನೆ ಅದು. 2015-16ರ ಚಳಿಗಾಲದಲ್ಲಿ ನಾನು ಕೆಲವು ತಿಂಗಳು ಈಸ್ಟ್ ಹ್ಯಾಮ್‌ನಲ್ಲಿದ್ದೆ. ಪಂದ್ಯದ ದಿನ ಆ ಬೀದಿಯಲ್ಲಿ ಕಡುಗೆಂಪು-ತಿಳಿನೀಲಿ ಅಂಗಿಗಳ ಪ್ರವಾಹ. ಕರಿದ ತಿಂಡಿಯ ವಾಸನೆ, ಪಬ್ಬಿನ ಬಾಗಿಲಿನಿಂದ ಹೊರಗೆ ಚೆಲ್ಲಿದ ಜನ, ಸೀರೆ ಅಂಗಡಿಯ ಮುಂದೆ ನಿಂತು ಅದನ್ನೆಲ್ಲ ನೋಡುವ ನಮ್ಮಂಥವರು.

ಈ ಕ್ಲಬ್ಬು ಹುಟ್ಟಿದ್ದು 1895ರಲ್ಲಿ, ಥೇಮ್ಸ್ ದಡದ ಹಡಗು ಕಟ್ಟುವ ಕಾರ್ಖಾನೆಯೊಂದರ ಕಾರ್ಮಿಕರ ತಂಡವಾಗಿ. ಕಾರ್ಖಾನೆಯ ಹೆಸರು ಥೇಮ್ಸ್ ಐರನ್‌ವರ್ಕ್ಸ್. ಅದಕ್ಕೇ ಕ್ಲಬ್ಬಿನ ಲಾಂಛನದಲ್ಲಿ ಇವತ್ತಿಗೂ ಎರಡು ಸುತ್ತಿಗೆಗಳಿವೆ. ಬೊಲೀನ್ ಗ್ರೌಂಡಿನಲ್ಲಿ ಸುಮಾರು 35 ಸಾವಿರ ಜನ ಕೂರಬಹುದಿತ್ತು. ಗ್ಯಾಲರಿ ಮೈದಾನದ ಅಂಚಿಗೇ ಅಂಟಿಕೊಂಡಿತ್ತು. ಥ್ರೋ-ಇನ್ ತೆಗೆದುಕೊಳ್ಳುವ ಎದುರಾಳಿ ಆಟಗಾರನಿಗೆ ಬೈಗುಳ ಸ್ಪಷ್ಟವಾಗಿ ಕೇಳಿಸುವಷ್ಟು ಹತ್ತಿರ.

2013ರಲ್ಲಿ ಒಪ್ಪಂದವಾಯಿತು. ಸುಮಾರು ನಾಲ್ಕು ಕಿಲೋಮೀಟರ್ ದೂರದ ಸ್ಟ್ರಾಟ್‌ಫರ್ಡಿನಲ್ಲಿ 2012ರ ಒಲಿಂಪಿಕ್ಸಿಗೆ ಕಟ್ಟಿದ ಸ್ಟೇಡಿಯಂ ಇತ್ತು. ಅದನ್ನು ಏನು ಮಾಡುವುದೆಂದು ಸರಕಾರಕ್ಕೆ ತಲೆನೋವು. ವೆಸ್ಟ್ ಹ್ಯಾಮ್‌ಗೆ 99 ವರ್ಷದ ಗುತ್ತಿಗೆ, ವರ್ಷಕ್ಕೆ ಸುಮಾರು 25 ಲಕ್ಷ ಪೌಂಡ್ ಬಾಡಿಗೆ. ಹೆಚ್ಚು ಆಸನ, ಹೆಚ್ಚು ರೈಲು, ಯುರೋಪಿನ ದೊಡ್ಡ ಕ್ಲಬ್ಬುಗಳ ಸಾಲಿಗೆ ಬಡ್ತಿ ಎಂದು ಹೇಳಲಾಯಿತು. ಅಭಿಮಾನಿಗಳಿಗೆ ಹೌದು-ಅಲ್ಲ ಎನ್ನುವ, ಕ್ಲಬ್ಬು ಪಾಲಿಸಲೇಬೇಕಾದ ಮತದಾನ ಮಾತ್ರ ಇರಲಿಲ್ಲ.

ಆಗ ವಿರೋಧಿಸಿದ ಅಭಿಮಾನಿಗಳು ಕೇಳಿದ್ದೇನು? ಮುಖ್ಯವಾಗಿ ಮೂರು ಪ್ರಶ್ನೆ. ಒಂದು, ಓಟದ ಟ್ರ್ಯಾಕ್ ಇರುವ ಕಡೆ ಫುಟ್ಬಾಲ್ ನೋಡಲು ಆಗುತ್ತದೆಯೇ, ಗೋಲಿನ ಹಿಂದಿನ ಆಸನ ಎಷ್ಟು ದೂರ? ಎರಡು, ನಾವು ಬಾಡಿಗೆದಾರರಾದರೆ ಸ್ಟೇಡಿಯಮ್ಮಿನ ಒಳಗಿನ ವ್ಯವಸ್ಥೆ ಯಾರ ಕೈಯಲ್ಲಿ? ಮೂರು, ಮೂವತ್ತು ವರ್ಷದಿಂದ ಅಕ್ಕಪಕ್ಕ ಕೂತವರನ್ನು ಹೊಸ ಕಡೆ ಹೇಗೆ ಕೂರಿಸುತ್ತೀರಿ? ನಿಂತು ಕೂಗುವವರು, ಮಕ್ಕಳನ್ನು ಕರೆತರುವವರು, ಕೂತು ನೋಡುವ ವಯಸ್ಸಾದವರು, ಎಲ್ಲರಿಗೂ ಅವರವರ ಮೂಲೆ ಇತ್ತಲ್ಲ?

ಇವುಗಳಲ್ಲಿ ಯಾವುದು ಭಾವುಕತೆ, ಹೇಳಿ. ಮೊದಲನೆಯದು ಜ್ಯಾಮಿತಿ, ಎರಡನೆಯದು ಕರಾರು, ಮೂರನೆಯದು ಡೇಟಾ ಮೈಗ್ರೇಷನ್.

ಮೊದಲ ಪ್ರಶ್ನೆಗಂತೂ ಉತ್ತರ ಯುರೋಪಿನಲ್ಲಿ ಆಗಲೇ ಸಿಕ್ಕಿಹೋಗಿತ್ತು. ಬಯರ್ನ್ ಮ್ಯೂನಿಕ್ 1972ರಿಂದ ಒಲಿಂಪಿಕ್ ಸ್ಟೇಡಿಯಮ್ಮಿನಲ್ಲಿ ಆಡಿ, 2005ರಲ್ಲಿ ಫುಟ್ಬಾಲಿಗೆಂದೇ ಕಟ್ಟಿದ ಅಲಿಯಾಂಜ್ ಅರೀನಾಗೆ ಹೋಯಿತು. ಬಾರ್ಸಿಲೋನಾದ ಎಸ್ಪಾನ್ಯೋಲ್ 1997ರಲ್ಲಿ ಸಾರಿಯಾ ಮೈದಾನ ಮಾರಿ ಒಲಿಂಪಿಕ್ ಸ್ಟೇಡಿಯಂ ಸೇರಿ, ಹನ್ನೆರಡು ವರ್ಷದ ನಂತರ ಸ್ವಂತ ಮೈದಾನ ಕಟ್ಟಿಕೊಂಡಿತು. ಎಲ್ಲಕ್ಕಿಂತ ದೊಡ್ಡ ಪಾಠ ಯುವೆಂಟಸ್‌ನದು. 1990ರ ವಿಶ್ವಕಪ್ಪಿಗೆ ಟುರಿನ್‌ನಲ್ಲಿ ಟ್ರ್ಯಾಕ್ ಸಮೇತ ಕಟ್ಟಿದ ದೆಲ್ಲೆ ಆಲ್ಪಿ ಸ್ಟೇಡಿಯಂ ಜನರಿಗೆ ಹಿಡಿಸಲೇ ಇಲ್ಲ. ಕೊನೆಗೆ ಕ್ಲಬ್ಬು ಅದನ್ನು ಕೆಡವಿ, ಅದೇ ಜಾಗದಲ್ಲಿ 2011ರಲ್ಲಿ ಸುಮಾರು 41 ಸಾವಿರ ಆಸನದ, ಹಿಂದಿನದಕ್ಕಿಂತ ಎಷ್ಟೋ ಚಿಕ್ಕ ಸ್ಟೇಡಿಯಂ ಕಟ್ಟಿತು. ಇಟಲಿಯ ಅತಿ ದೊಡ್ಡ ಕ್ಲಬ್ಬು ದುಡ್ಡು ಸುರಿದು ಆಸನ ಕಡಿಮೆ ಮಾಡಿಕೊಂಡಿತು, ಪ್ರೇಕ್ಷಕ ಹತ್ತಿರ ಬರಲಿ ಅಂತ. ಈ ಮೂರೂ ವೆಸ್ಟ್ ಹ್ಯಾಮ್ ಸಹಿ ಹಾಕುವ ಮೊದಲೇ ನಡೆದವು. ಹಾಗಾದರೆ ದಾಖಲೆ ಓದಿ ಮಾತಾಡಿದವರು ಯಾರು, ಕನಸು ಕಂಡವರು ಯಾರು?

2016ರ ಮೇ 10ರಂದು ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ 3-2 ಗೆದ್ದು ವೆಸ್ಟ್ ಹ್ಯಾಮ್ ಬೊಲೀನ್ ಗ್ರೌಂಡಿಗೆ ವಿದಾಯ ಹೇಳಿತು. ಮುಂದಿನದು ಲಂಡನ್ನಿನ ಪತ್ರಿಕೆಗಳಲ್ಲಿ ದಾಖಲಾಗಿದೆ. ಮೊದಲ ತಿಂಗಳುಗಳಲ್ಲೇ ನಿಲ್ಲುವವರಿಗೂ ಕೂರುವವರಿಗೂ ಜಗಳ. ಪಂದ್ಯದ ವೇಳೆ ಗ್ಯಾಲರಿಯಲ್ಲಿ ಕೈಕೈ ಮಿಲಾಯಿಸಿದ ಘಟನೆಗಳು. ರೇಡಿಯೋ ಸಂಪರ್ಕ ಸರಿಯಿಲ್ಲದ ಕಾರಣ ಸ್ಟೇಡಿಯಮ್ಮಿನ ಒಳಗೆ ಪೊಲೀಸರ ನಿಯೋಜನೆಯೇ ಇರಲಿಲ್ಲ. ಅರವತ್ತು ಸಾವಿರ ಜನ ಸೇರುವ ಜಾಗದಲ್ಲಿ ಇದನ್ನು ಪರೀಕ್ಷೆ ಮಾಡದೆ ಗೋ-ಲೈವ್ ಮಾಡಿದ್ದಾರೆ! ಭದ್ರತೆಯ ಸಿಬ್ಬಂದಿ ಕ್ಲಬ್ಬಿನವರಲ್ಲ, ಸ್ಟೇಡಿಯಂ ನಡೆಸುವ ಕಂಪನಿಯವರು. ಹಾಗಾಗಿ ದೂರು ಕೊಟ್ಟರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಿದ್ದರು. 2018ರ ಮಾರ್ಚಿನಲ್ಲಿ ಬರ್ನ್ಲಿ ವಿರುದ್ಧ 0-3 ಸೋಲುವಾಗ ಸಿಟ್ಟು ಕಟ್ಟೆಯೊಡೆಯಿತು. ಜನ ಮೈದಾನಕ್ಕೆ ನುಗ್ಗಿದರು. ಒಬ್ಬ ಅಭಿಮಾನಿ ಕಾರ್ನರ್ ಬಾವುಟ ಕಿತ್ತು ನಡುಮೈದಾನದಲ್ಲಿ ನೆಟ್ಟ. ಮಾಲೀಕರು ಕೂತಿದ್ದ ಬಾಕ್ಸಿನ ಕೆಳಗೆ ನೂರಾರು ಜನ ನಿಂತು ಕೂಗಿದರು. ನುಗ್ಗಿದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಆ ಸಿಟ್ಟು ಒಂದು ಸೋಲಿನಿಂದ ಹುಟ್ಟಿದ್ದಲ್ಲ.

ಲೆಕ್ಕದ ಮಾತು ಬಂದಿದ್ದರಿಂದ ಇನ್ನೊಂದು ಲೆಕ್ಕ. ಸ್ಟೇಡಿಯಮ್ಮನ್ನು ಫುಟ್ಬಾಲಿಗೆ ಹೊಂದಿಸುವ ಖರ್ಚು 19 ಕೋಟಿ ಪೌಂಡಿನ ಅಂದಾಜಿನಿಂದ 32.3 ಕೋಟಿ ಪೌಂಡಿಗೆ ಏರಿತು. ಬೇಸಿಗೆಯಲ್ಲಿ ಅಥ್ಲೆಟಿಕ್ಸಿಗಾಗಿ ಆಸನಗಳನ್ನು ಹಿಂದೆ ಸರಿಸಿ ಮತ್ತೆ ಮುಂದೆ ತರುವ ಖರ್ಚು ಊಹಿಸಿದ್ದಕ್ಕಿಂತ ಹಲವು ಪಟ್ಟು ಬಂತು. ಮೇಯರ್ ಸಾದಿಕ್ ಖಾನ್ ಮಾಡಿಸಿದ ಪರಿಶೀಲನೆಯ ವರದಿ 2017ರ ಕೊನೆಯಲ್ಲಿ ಹೊರಬಂದಾಗ, ಸ್ಟೇಡಿಯಂ ವರ್ಷ ವರ್ಷ ತೆರಿಗೆದಾರರ ದುಡ್ಡು ತಿನ್ನುತ್ತಿದೆ ಎಂಬುದು ಬಯಲಾಯಿತು. ಅಂದರೆ ಬುದ್ಧಿವಂತರೆನಿಸಿಕೊಂಡವರ ಲೆಕ್ಕವೇ ತಪ್ಪಿತ್ತು. ಟ್ರ್ಯಾಕು ಮತ್ತು ಫುಟ್ಬಾಲು ಕೂಡಿ ಬಾಳುವುದಿಲ್ಲ ಎಂದ ಸ್ಕಾರ್ಫಿನವರದು ಸರಿಯಾಗಿತ್ತು.

ಗ್ರೀನ್ ಸ್ಟ್ರೀಟಿನ ಕತೆ? ಮೈದಾನ ಇದ್ದಲ್ಲಿ ಅಪಾರ್ಟ್‌ಮೆಂಟುಗಳೆದ್ದಿವೆ. ಪಂದ್ಯದ ದಿನದ ವ್ಯಾಪಾರ ನಂಬಿದ್ದ ಅಂಗಡಿ, ಪಬ್ಬುಗಳಿಗೆ ಆ ಶನಿವಾರಗಳು ಇಲ್ಲವಾದವು. ಈಗ ಸ್ಟ್ರಾಟ್‌ಫರ್ಡ್ ನಿಲ್ದಾಣದಲ್ಲಿ ಇಳಿದವರು ವೆಸ್ಟ್‌ಫೀಲ್ಡ್ ಮಾಲ್ ಹಾಯ್ದು ಪಂದ್ಯಕ್ಕೆ ಹೋಗುತ್ತಾರೆ. ಹಳೆಯ ಜಾಗದ ಹತ್ತಿರ, 1966ರ ವಿಶ್ವಕಪ್ ಎತ್ತಿ ಹಿಡಿದ ಬಾಬಿ ಮೂರ್ ಮತ್ತು ಸಂಗಡಿಗರ ಪ್ರತಿಮೆ ಉಳಿದುಕೊಂಡಿದೆ.

ಎದುರು ವಾದವನ್ನೂ ಕೇಳೋಣ. ಇವತ್ತು ಅಲ್ಲಿ 62 ಸಾವಿರಕ್ಕೂ ಹೆಚ್ಚು ಜನ ಸೇರುತ್ತಾರೆ. ಮೊದಲ ವರ್ಷ 289 ಪೌಂಡಿಗೆ ಸೀಸನ್ ಟಿಕೆಟ್ ಸಿಕ್ಕಿತು. ಹಿಂದೆ ಒಳಗೆ ಹೋಗಲಾಗದಿದ್ದ ಎಷ್ಟೋ ಕುಟುಂಬಗಳು ಹೋದವು. 2023ರಲ್ಲಿ ಕ್ಲಬ್ಬು ಯುರೋಪಾ ಕಾನ್ಫರೆನ್ಸ್ ಲೀಗ್ ಗೆದ್ದಿತು. ಇದೆಲ್ಲ ನಿಜ, ಸಣ್ಣದೂ ಅಲ್ಲ. ಅಗ್ಗದ ಟಿಕೆಟ್ ಬೇಡ ಅನ್ನುವವನು ನಾನಲ್ಲ. ಆದರೆ ಈ ಲಾಭಗಳಿಗೂ ಆ ಮೂರು ಪ್ರಶ್ನೆಗಳಿಗೂ ವಿರೋಧವೇನಿತ್ತು? ಅಗ್ಗದ ಟಿಕೆಟ್ ಕೊಡಲು ಟ್ರ್ಯಾಕ್ ಬೇಕಿತ್ತೇ? ಪ್ರಶ್ನೆ ಕೇಳಿದವರ ಜತೆ ಕೂತು ಆಸನದ ನಕ್ಷೆ ಹಾಕಿದ್ದರೆ ಆ ಕಪ್ಪು ಕೈತಪ್ಪುತ್ತಿತ್ತೇ?

ಸ್ಥಳಾಂತರವೇ ಪಾಪ ಎಂಬುದು ನನ್ನ ವಾದವಲ್ಲ. ಲಿವರ್‌ಪೂಲಿನ ಎವರ್ಟನ್ ಕ್ಲಬ್ಬನ್ನು ನೋಡಿ. 2007ರಲ್ಲಿ ನಗರದ ಹೊರಗಿನ ಕರ್ಕ್ಬಿಗೆ ಹೋಗುವ ಯೋಜನೆ ಬಂದಾಗ ಅಭಿಮಾನಿಗಳ ಮತ ಕೇಳಲಾಯಿತು. ಸುಮಾರು ಶೇ. 59 ಮಂದಿ ಒಪ್ಪಿದರೂ ವಿರೋಧಿಸಿದವರು ಸುಮ್ಮನಾಗಲಿಲ್ಲ. 2009ರಲ್ಲಿ ಸರಕಾರವೇ ಯೋಜನೆಯನ್ನು ತಿರಸ್ಕರಿಸಿತು. ಕೊನೆಗೆ 2025ರಲ್ಲಿ ಕ್ಲಬ್ಬು ಹೋದದ್ದು ನಗರದೊಳಗೇ, ಮರ್ಸಿ ನದಿಯ ಹಳೆಯ ಹಡಗುಕಟ್ಟೆಯಲ್ಲಿ ಫುಟ್ಬಾಲಿಗೆಂದೇ ಕಟ್ಟಿದ 52,769 ಆಸನದ ಸ್ಟೇಡಿಯಮ್ಮಿಗೆ. 1892ರಿಂದ ಆಡಿದ ಗುಡಿಸನ್ ಪಾರ್ಕನ್ನು ಕೆಡವದೆ ಮಹಿಳಾ ತಂಡಕ್ಕೆ ಕೊಟ್ಟರು. ಜಗಳವಾಡಿದ ಅಭಿಮಾನಿಗಳು ಕ್ಲಬ್ಬಿನ ಪ್ರಗತಿಗೆ ಅಡ್ಡ ಬಂದರೇ, ಅಥವಾ ಅದನ್ನು ಕೆಟ್ಟ ಜಾಗಕ್ಕೆ ಹೋಗದಂತೆ ಉಳಿಸಿದರೇ?

ಇಂಗ್ಲೆಂಡಿನ ಕತೆ ನಮಗೇಕೆ ಅಂತ ಕೇಳಬಹುದು. ನಮ್ಮಲ್ಲಿ ಇನ್ನೂ ಕೆಟ್ಟದಾಗಿದೆ, ಅದಕ್ಕೇ. ಬೆಂಗಳೂರು ಎಫ್‌ಸಿ ಮೊದಲ ಸೀಸನ್ನಿನ ನಂತರ ಅಶೋಕನಗರದ ಪುಟ್ಟ ಫುಟ್ಬಾಲ್ ಸ್ಟೇಡಿಯಂ ಬಿಟ್ಟು ಕಂಠೀರವಕ್ಕೆ ಬಂತು. ಅಲ್ಲಿಯೂ ಅದೇ ಟ್ರ್ಯಾಕು. ಅಭ್ಯಾಸಕ್ಕೆ ಜಾಗವಿಲ್ಲ ಎಂಬ ಅಥ್ಲೀಟುಗಳ ದೂರು ಹೈಕೋರ್ಟಿನವರೆಗೆ ಹೋಯಿತು. ವೆಸ್ಟ್ ಬ್ಲಾಕಿನ ಹುಡುಗರು ಆ ದೂರವನ್ನು ಗಂಟಲಿನಿಂದಲೇ ತುಂಬುತ್ತಿದ್ದಾರೆ. ಇದನ್ನು ಓದುತ್ತಿರುವ ಪುಣೆ, ಹೈದರಾಬಾದ್, ದೆಹಲಿಯ ಕನ್ನಡಿಗರೇ, ನಿಮ್ಮೂರಿನದು ಇನ್ನೂ ವಿಚಿತ್ರ. ಪುಣೆಯ ಬಾಳೆವಾಡಿಯಲ್ಲಿ ಆಡುತ್ತಿದ್ದ ಎಫ್‌ಸಿ ಪುಣೆ ಸಿಟಿ 2019ರಲ್ಲಿ ಮುಚ್ಚಿತು. ಲೀಗಿನಲ್ಲಿ ಅದರ ಜಾಗಕ್ಕೆ ಹೈದರಾಬಾದ್ ಎಫ್‌ಸಿ ಬಂತು. ಅದು 2022ರಲ್ಲಿ ಐಎಸ್‌ಎಲ್ ಗೆದ್ದಿತು. 2025ರಲ್ಲಿ ಅದೇ ತಂಡ ಹೆಸರು ಬದಲಿಸಿಕೊಂಡು ದೆಹಲಿಗೆ ಹೋಯಿತು. ದೆಹಲಿಗೆ ಮೊದಲೇ ಇದ್ದ ಡೈನಮೋಸ್ ತಂಡ 2019ರಲ್ಲೇ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಗಿತ್ತು. ನಾಲ್ಕು ಕಿಲೋಮೀಟರ್ ಸರಿದದ್ದಕ್ಕೆ ಲಂಡನ್ನಿನವರು ಅಷ್ಟು ಕೂಗಿದರು. ಇಲ್ಲಿ ಊರಿಗೆ ಊರೇ ಬದಲಾದರೂ ಟಿಕೆಟ್ ಕೊಂಡು ಬಂದವನಿಗೆ ಸಿಕ್ಕಿದ್ದು ಸಾಮಾಜಿಕ ಜಾಲತಾಣದಲ್ಲಿ ಒಂದು ಪೋಸ್ಟು.

'ನೀವೇ ಊರು ಬಿಟ್ಟು ಬಂದವರು, ಸ್ಥಳಾಂತರದ ಬಗ್ಗೆ ನಿಮ್ಮದೇನು ಉಪದೇಶ' ಅಂತ ಗೆಳೆಯರೊಬ್ಬರು ಛೇಡಿಸಿದರು. ಉತ್ತರ ಸರಳ. ಊರು ಬಿಡುವ ನಿರ್ಧಾರ ಮಾಡಿದ್ದು ನಾನು. ನನ್ನ ಪರವಾಗಿ ಬೇರೆ ಯಾರೋ ಸಹಿ ಹಾಕಿರಲಿಲ್ಲ. ಮತ್ತೆ, ಪರವೂರಿನಲ್ಲಿ ನಾವು ಕಟ್ಟಿಕೊಂಡ ಕನ್ನಡ ಸಂಘಗಳನ್ನೇ ನೋಡಿ. ರಾಜ್ಯೋತ್ಸವದ ಹಾಲ್ ಬದಲಿಸುವುದಕ್ಕೂ ಸರ್ವ ಸದಸ್ಯರ ಸಭೆಯಲ್ಲಿ ಎರಡು ಗಂಟೆ ಜಗಳ ಆಗುತ್ತದೆ. ಹಿರಿಯರಿಗೆ ಮೆಟ್ಟಿಲು ಹತ್ತಲಾಗುತ್ತದೆಯೇ, ಕೊನೆಯ ಬಸ್ಸು ಎಷ್ಟಕ್ಕೆ, ಪಾರ್ಕಿಂಗ್ ಎಲ್ಲಿ ಅಂತ. ಬೇಸರದ ಜಗಳವೇ, ಆದರೆ ಆ ಪ್ರಶ್ನೆಗಳಿಂದಲೇ ಸಂಘ ನಾಲ್ಕು ಜನರ ಆಸ್ತಿಯಾಗದೆ ಉಳಿದಿದೆ. ಕ್ಲಬ್ಬಿನ ಅಭಿಮಾನಿ ಕೇಳುವುದೂ ಅದನ್ನೇ.

ಬ್ರಿಟನ್ನಿಗೆ ಕೊನೆಗೂ ಬುದ್ಧಿ ಬಂತು. 2025ರ ಜುಲೈನಲ್ಲಿ ಅಂಗೀಕಾರ ಪಡೆದ ಫುಟ್ಬಾಲ್ ಆಡಳಿತ ಕಾಯ್ದೆಯ ಪ್ರಕಾರ ಒಂದು ಸ್ವತಂತ್ರ ನಿಯಂತ್ರಕ ಸಂಸ್ಥೆ ಇರುತ್ತದೆ. ಅದರ ಒಪ್ಪಿಗೆಯಿಲ್ಲದೆ ಕ್ಲಬ್ಬು ತನ್ನ ಮೈದಾನ ಮಾರುವಂತಿಲ್ಲ, ಬೇರೆಡೆ ಹೋಗುವಂತಿಲ್ಲ. ಅಭಿಮಾನಿಗಳ ಜತೆ ಸಮಾಲೋಚನೆಯೂ ಕಡ್ಡಾಯ. ಗ್ರೀನ್ ಸ್ಟ್ರೀಟಿನವರ ಪಾಲಿಗೆ ಇದು ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಆದರೂ ಮುಂದಿನವರಿಗೆ ಒಂದು ಬಾಗಿಲಾದರೂ ಇದೆ.

ನಮ್ಮ ಲೀಗಿಗೂ ಅಷ್ಟು ಬೇಕು. ಮೈದಾನವಾಗಲಿ ಊರಾಗಲಿ ಬದಲಿಸುವ ಮೊದಲು ಕನಿಷ್ಠ ಒಂದು ಸೀಸನ್ನಿನ ನೋಟಿಸು. ಸೀಸನ್ ಟಿಕೆಟ್ ಇರುವವರ ಮತದಾನ, ಅದರ ಫಲಿತಾಂಶದ ಪ್ರಕಟಣೆ. ಅಭಿಮಾನಿಗಳ ಆಕ್ಷೇಪಕ್ಕೆ ಒಂದೊಂದಾಗಿ ಲಿಖಿತ ಉತ್ತರ. ಯಾವ ಸಾಧಾರಣ ಸಾಫ್ಟ್‌ವೇರ್ ಪ್ರಾಜೆಕ್ಟಿನಲ್ಲೂ ಬಳಸುವವರ ಸಹಿ ಇಲ್ಲದೆ ಗೋ-ಲೈವ್ ಮಾಡಬಾರದು ಅನ್ನುತ್ತೇವೆ. ಮಳೆಯಲ್ಲಿ ನೆನೆದು, ಸೋತ ತಂಡಕ್ಕೂ ಚಪ್ಪಾಳೆ ತಟ್ಟಿ, ಮುಂದಿನ ವಾರ ಮತ್ತೆ ದುಡ್ಡು ಕೊಟ್ಟು ಬರುವ ಮನುಷ್ಯನ ಸಹಿಗೆ ಅಷ್ಟಾದರೂ ಬೆಲೆ ಇರಲಿ.