ಜಹೀರಾಬಾದಿಗಿಂತ ಬೆಂಗಳೂರೇ ಹತ್ತಿರವಾದ ಆನ್‌ಲೈನ್ ಅಂಗಡಿ

ಕೈಯಲ್ಲಿ ಮೊಬೈಲ್ ಇದ್ದರೆ ಸಾಕು, ಹುಮನಾಬಾದಿನಲ್ಲಿ ಕೂತು ದೇಶಕ್ಕೆಲ್ಲ ಮಾಲು ಮಾರಬಹುದು ಎಂಬ ಮಾತನ್ನು ನಾವು ಈಚೆಗೆ ಬಹಳ ಕೇಳುತ್ತಿದ್ದೇವೆ. ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೂ ಇದೇ ಮಾತು, ಡಿಗ್ರಿ ಮುಗಿಸಿ ಕೆಲಸ ಹುಡುಕುವ ಹುಡುಗರಿಗೂ ಇದೇ ಮಾತು. ಮೊಬೈಲಿನ ಬಗ್ಗೆ ನಮ್ಮ ತಕರಾರಿಲ್ಲ. ತಕರಾರು ಇರುವುದು 'ದೇಶಕ್ಕೆಲ್ಲ' ಎಂಬ ಪದದ ಮೇಲೆ.

ನಮ್ಮ ಊರು ಎಲ್ಲಿದೆ ನೋಡಿ. ಹೆದ್ದಾರಿ 65 ಹಿಡಿದರೆ ಒಂದು ಗಂಟೆಯಲ್ಲಿ ತೆಲಂಗಾಣದ ಜಹೀರಾಬಾದ್, ಇನ್ನೂ ಮುಂದೆ ಹೋದರೆ ಹೈದರಾಬಾದ್. ಬಸವಕಲ್ಯಾಣ ದಾಟಿದರೆ ಮಹಾರಾಷ್ಟ್ರದ ಉಮರ್ಗಾ, ಅದರಾಚೆ ಸೊಲ್ಲಾಪುರ. ಬೆಂಗಳೂರು ಮಾತ್ರ ಆರುನೂರು ಕಿಲೋಮೀಟರಿಗೂ ಆಚೆ. ನಮ್ಮ ಬೀಗರು, ಗಿರಾಕಿಗಳು, ದುಡಿಯಲು ಹೋದವರು ಹೆಚ್ಚಾಗಿ ಇರುವುದು ಗಡಿಯ ಆಚೆಗೇ. 1956ರ ನವೆಂಬರ್ 1ರವರೆಗೆ ಜಹೀರಾಬಾದ್ ನಮ್ಮ ಬೀದರ್ ಜಿಲ್ಲೆಯಲ್ಲೇ ಇತ್ತು, ಉದಗೀರ್, ನಿಲಂಗಾ ಕೂಡ. ರಾಜ್ಯಗಳ ಗೆರೆ ಬದಲಾಯಿತು, ಸಂತೆಯ ದಾರಿ ಬದಲಾಗಲಿಲ್ಲ.

ಆನ್‌ಲೈನ್ ವ್ಯಾಪಾರದ ಕಾನೂನಿಗೆ ಕಾಣುವುದು ಈ ಗೆರೆ ಮಾತ್ರ. ಕರ್ನಾಟಕದಲ್ಲಿ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೆ ಆನ್‌ಲೈನ್ ಮಾರುಕಟ್ಟೆಯ ಮೂಲಕ ಮಾರುವವರಿಗೆ ಮೊದಲು ಈ ವಿನಾಯಿತಿ ಇರಲಿಲ್ಲ, ಮೊದಲ ಪ್ಯಾಕೆಟ್‌ನಿಂದಲೇ ನೋಂದಣಿ ಕಡ್ಡಾಯವಾಗಿತ್ತು. 2023ರ ಅಕ್ಟೋಬರ್ 1ರಿಂದ ಅದನ್ನು ಸಡಿಲಿಸಿದರು. ಪಾನ್ ಕಾರ್ಡ್ ಇಟ್ಟುಕೊಂಡು ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಂದು ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆದರೆ ಸಣ್ಣವರೂ ಮಾರಬಹುದು. ಒಳ್ಳೆಯದೇ. ಆದರೆ ಷರತ್ತು ಒಂದಿದೆ: ರಾಜ್ಯದ ಒಳಗೆ ಮಾತ್ರ. ಹಾಗಾಗಿ ಹುಮನಾಬಾದಿನ ಹೆಣ್ಣುಮಗಳು ನೋಂದಣಿ ಇಲ್ಲದೆ ತೊಗರಿ ಬೇಳೆಯ ಪ್ಯಾಕೆಟ್ಟನ್ನು ಚಾಮರಾಜನಗರಕ್ಕೆ ಕಳಿಸಬಹುದು, ಜಹೀರಾಬಾದಿಗೆ ಕಳಿಸುವಂತಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ಹಿಡಿದು ತಾನೇ ಕೊರಿಯರ್ ಹಾಕಿದರೂ ಅಷ್ಟೇ, ತೆರಿಗೆ ಇರುವ ಸರಕು ಗಡಿ ದಾಟಬೇಕಾದರೆ ನೋಂದಣಿ ಬೇಕು.

ನೋಂದಣಿ ಮಾಡಿಸಿದರಾಯಿತಲ್ಲ ಎನ್ನಬಹುದು. ಅದಕ್ಕೆ ಸರ್ಕಾರಿ ಶುಲ್ಕವೇನೂ ಇಲ್ಲ, ನಿಜ. ಆಮೇಲೆ ರಿಟರ್ನ್ ತಪ್ಪಿಸುವಂತಿಲ್ಲ. ಒಂದು ರೂಪಾಯಿ ವ್ಯಾಪಾರ ಆಗದಿದ್ದರೂ ಸಲ್ಲಿಸಲೇಬೇಕು, ತಡವಾದರೆ ದಿನಕ್ಕೆ 20 ರೂಪಾಯಿ ದಂಡ. ಲೆಕ್ಕ ಬರೆಯುವವರ ಫೀ ಬೇರೆ. ತಿಂಗಳಿಗೆ ನಾಲ್ಕೈದು ಸಾವಿರದ ಮಾಲು ಮಾರುವವರ ಲಾಭ ಅಲ್ಲೇ ಕರಗುತ್ತದೆ.

ಇದರಲ್ಲಿ ನಗಬೇಕೋ ಅಳಬೇಕೋ ತಿಳಿಯದ ಒಂದು ಸಂಗತಿಯಿದೆ. 2025ರ ಸೆಪ್ಟೆಂಬರ್ 22ರಿಂದ ಚಪಾತಿ, ರೊಟ್ಟಿಗೆ ಜಿಎಸ್‌ಟಿ ಶೂನ್ಯ. ತೆರಿಗೆ ಇಲ್ಲದ ಸರಕನ್ನಷ್ಟೇ ಮಾರುವವರಿಗೆ ನೋಂದಣಿಯ ಬಂಧನವಿಲ್ಲ. ಅಂದರೆ ಬರೀ ಖಡಕ್ ರೊಟ್ಟಿಯಾದರೆ ಹೈದರಾಬಾದಿಗೆ ಧಾರಾಳವಾಗಿ ಹೋಗಬಹುದು. ಜೊತೆಗೆ ಶೇಂಗಾ ಹಿಂಡಿಯ ಒಂದು ಪ್ಯಾಕೆಟ್ ಇಟ್ಟರೆ ಕಥೆ ಬೇರೆ, ಹಿಂಡಿಗೆ ತೆರಿಗೆ ಇದೆ. ಹಿಂಡಿ ಇಲ್ಲದೆ ರೊಟ್ಟಿ ತಿನ್ನುವವರು ಯಾರು? ಬೇಳೆಯದ್ದೂ ಇದೇ ಪಾಡು. ಚೀಲದಿಂದ ತೂಗಿ ಕೊಟ್ಟರೆ ತೆರಿಗೆ ಇಲ್ಲ, ಪ್ಯಾಕೆಟ್ ಕಟ್ಟಿ ಲೇಬಲ್ ಹಚ್ಚಿದರೆ 2022ರ ಜುಲೈನಿಂದ ಶೇ. 5. ಆನ್‌ಲೈನಿನಲ್ಲಿ ಲೇಬಲ್ ಇಲ್ಲದ ಬೇಳೆಯನ್ನು ನಂಬಿ ಕೊಳ್ಳುವವರು ಕಡಿಮೆ.

ರೊಟ್ಟಿಗೆ ಇನ್ನೊಂದು ಕಷ್ಟವಿದೆ. ಕೊರಿಯರ್‌ನವರು ತೂಕದ ಜೊತೆ ಡಬ್ಬಿಯ ಗಾತ್ರವನ್ನೂ ಅಳೆಯುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ರೂಢಿ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. 30, 30, 20ರ ಡಬ್ಬಿ ಎಂದರೆ 3.6 ಕೆ.ಜಿ. ಒಳಗಿನ ರೊಟ್ಟಿ ಒಂದೂವರೆ ಕೆ.ಜಿ. ಇದ್ದರೂ ಅಷ್ಟೇ ಕೊಡಬೇಕು. ಮುರಿಯದಂತೆ ಸುತ್ತಲೂ ಕಾಗದ ತುಂಬಿದಷ್ಟೂ ಡಬ್ಬಿ ದೊಡ್ಡದಾಗುತ್ತದೆ. ಬೇಳೆಗಾದರೆ ಈ ಕಾಟವಿಲ್ಲ. ಏನು ಮಾರಬೇಕೆಂದು ತೀರ್ಮಾನಿಸುವ ಮೊದಲು ಟೇಪು, ತಕ್ಕಡಿ ಹಿಡಿದು ಕೂರಬೇಕು. ಅಂಗಡಿಗೆ ಹೆಸರು, ಲೋಗೋ ಆಮೇಲೆ ನೋಡಿಕೊಂಡರಾಯಿತು. ಮನೆಗೆ ಮುಟ್ಟಿದ ಮೇಲೆ ಹಣ ಕೊಡುತ್ತೇವೆ ಎನ್ನುವ ಹೊಸ ಗಿರಾಕಿಯ ಆರ್ಡರ್ ವಾಪಸ್ ಬಂದರೆ ಹೋಗುವ, ಬರುವ ಎರಡೂ ಖರ್ಚು ಮಾರುವವರ ತಲೆಗೇ.

ಕಲಬುರಗಿ ರೊಟ್ಟಿ ಗೆದ್ದಿತಲ್ಲ ಎಂದು ಕೇಳುವವರಿದ್ದಾರೆ. ಗೆದ್ದಿದೆ, ನಮಗೂ ಹೆಮ್ಮೆಯಿದೆ. 2025ರ ಜೂನ್ 29ರ ಮನ್ ಕೀ ಬಾತ್‌ನಲ್ಲಿ ಪ್ರಧಾನಿ ಆ ಹೆಣ್ಣುಮಕ್ಕಳ ಮಾತೆತ್ತಿದರು: ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ, ಬೆಂಗಳೂರಿನಲ್ಲಿ ಕೌಂಟರ್, ಆನ್‌ಲೈನ್ ಆರ್ಡರ್. ಆದರೆ ಅದು ಒಬ್ಬೊಬ್ಬರೇ ಮೊಬೈಲ್ ಹಿಡಿದು ಗೆದ್ದದ್ದಲ್ಲ. ಅದರ ಹಿಂದೆ ಸಹಕಾರಿ ಸಂಘವಿತ್ತು, ಜಿಲ್ಲಾಡಳಿತವೂ ನಿಂತಿತ್ತು. ನಮ್ಮ ತಾಲೂಕುಗಳಲ್ಲಿ ತರಬೇತಿ ಕೊಟ್ಟು ಫೋಟೋ ತೆಗೆಸಿಕೊಂಡ ಮೇಲೆ ಆ ಆಸರೆ ಎಲ್ಲಿದೆ?

ಹತ್ತು ಸಂಘಗಳು ಕೂಡಿ ಒಂದೇ ಜಿಎಸ್‌ಟಿ ನೋಂದಣಿ ಪಡೆಯಲಿ, ಲೆಕ್ಕ ಬರೆಯುವವರೂ ಒಬ್ಬರೇ ಇರಲಿ, ಅವರ ಸಂಬಳವನ್ನು ಮೊದಲ ಎರಡು ವರ್ಷ ತಾಲೂಕು ಪಂಚಾಯಿತಿ ಭರಿಸಲಿ ಎನ್ನುತ್ತೇವೆ ನಾವು. ಸಣ್ಣ ತಯಾರಕರಿಗೆ ಆಹಾರ ಸುರಕ್ಷತೆ ನೋಂದಣಿಯ ಶುಲ್ಕ ವರ್ಷಕ್ಕೆ 100 ರೂಪಾಯಿ ಮಾತ್ರ, ಅದನ್ನು ಯಾರೂ ತಪ್ಪಿಸಬಾರದು. ಇನ್ನು 2023ರ ಸಡಿಲಿಕೆ ಗಡಿ ಜಿಲ್ಲೆಗಳ ಮಟ್ಟಿಗಾದರೂ ಪಕ್ಕದ ರಾಜ್ಯಕ್ಕೆ ವಿಸ್ತರಿಸಬೇಕು. ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕ, ತೆಲಂಗಾಣ, ಮಹಾರಾಷ್ಟ್ರ ಮೂರಕ್ಕೂ ಕುರ್ಚಿಯಿದೆ. ಬೀದರಿನಿಂದ ಆರಿಸಿ ಹೋದವರು ಈ ಮಾತನ್ನು ಅಲ್ಲಿಗೆ ಯಾವಾಗ ಮುಟ್ಟಿಸುತ್ತಾರೆ? ತೊಗರಿ ರಾಶಿ ಮುಗಿಯುವಷ್ಟರಲ್ಲಿ ಉತ್ತರ ಸಿಕ್ಕರೆ ಈ ಸಲದ ಬೇಳೆಯಾದರೂ ಜಹೀರಾಬಾದ್ ಮುಟ್ಟೀತು.